ಗಾಡ್ಜಿಲ್ಲಾ ಎಂಬ ರಾಕ್ಷಸನೂ ಅವನ ಭಕ್ತರೂ

ಭಯಪಡಿಸುವುದಕ್ಕೆಂದೇ ಹುಟ್ಟಿದ ರೂಪವೊಂದನ್ನು ಮನುಷ್ಯ ಪ್ರೀತಿಸುವುದು ಹೇಗೆ? ಅದೂ ಒಂದು ಸಂಜೆಯ ಮಟ್ಟಿಗಲ್ಲದೆ, ಇಡೀ ಜೀವಮಾನ? ಅಲಂಕಾರಶಾಸ್ತ್ರದ ಪರಿಚಯವಿರುವವರಿಗೆ ಈ ಪ್ರಶ್ನೆಯ ಮೊದಲರ್ಧ ಹೊಸದಲ್ಲ. ಲೋಕದಲ್ಲಿ ದುಃಖಕ್ಕೆ ಕಾರಣವಾಗುವ ಭಯ ಕಾವ್ಯದಲ್ಲಿ ಭಯಾನಕ ರಸವಾಗಿ ಆಸ್ವಾದ್ಯವಾಗುತ್ತದೆಂದು ನಮ್ಮ ಲಾಕ್ಷಣಿಕರು ಬಹು ಹಿಂದೆಯೇ ವಿವರಿಸಿದ್ದಾರೆ. ಆದರೆ ಅವರು ವಿವರಿಸಿದ್ದು ರಸಾನುಭವದ ಗಳಿಗೆಯನ್ನು. ಆ ಗಳಿಗೆ ಕಳೆದ ಮೇಲೂ ಅದೇ ರಾಕ್ಷಸನ ಬಳಿಗೆ ಮತ್ತೆ ಮತ್ತೆ, ಹತ್ತರ ವಯಸ್ಸಿನಲ್ಲಿ ಹೋದಂತೆಯೇ ಅರವತ್ತರಲ್ಲಿಯೂ, ಹೋಗುವವರ ನಿಷ್ಠೆಗೆ ಬೇರೊಂದು ಸಮಾಧಾನ ಬೇಕು. ಇಂದು ನಾನು ಹೇಳಹೊರಟಿರುವುದು ಅಂಥದೊಂದು ನಿಷ್ಠೆಯ ವಿಚಾರ. ರಾಕ್ಷಸನ ಹೆಸರು ಗಾಡ್ಜಿಲ್ಲಾ. ಹುಟ್ಟಿದ ನಾಡು ಜಪಾನ್.

ಈ ಹೆಸರನ್ನು ಕೇಳಿದೊಡನೆ ಸಾಹಿತ್ಯದ ಮಂದಿ ಮುಗುಳ್ನಗುತ್ತಾರೆಂಬುದು ನನಗೆ ಗೊತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಪಂಪ ರನ್ನರನ್ನು ಪಾಠ ಹೇಳಿದವನಿಗೆ ಇದೆಂಥ ಹವ್ಯಾಸವೆಂದು ನನ್ನ ಸಹೋದ್ಯೋಗಿಗಳು ಕೇಳಿದ್ದುಂಟು. ಅವರ ನಗೆಯನ್ನು ನಾನು ಆಕ್ಷೇಪಿಸಲಾರೆ. ರಬ್ಬರಿನ ಉಡುಪು ತೊಟ್ಟ ಒಬ್ಬಾತ ಆಟಿಕೆಯ ಊರನ್ನು ತುಳಿದು ಪುಡಿಮಾಡುವುದು ಮೇಲುನೋಟಕ್ಕೆ ಮಕ್ಕಳಾಟವೇ ಸರಿ. ಆದರೆ 1954ರಲ್ಲಿ ಮೊದಲಾದ ಈ ಚಿತ್ರಮಾಲೆ ಎಪ್ಪತ್ತು ವರ್ಷ ದಾಟಿ ಬಾಳಿದೆ. ಟೋಕಿಯೋದ ತೋಹೊ ಸಂಸ್ಥೆಯೊಂದೇ 2023ರ ಹೊತ್ತಿಗೆ, ಅನಿಮೇಷನ್ ಚಿತ್ರಗಳೂ ಸೇರಿ, 33 ಗಾಡ್ಜಿಲ್ಲಾ ಚಿತ್ರಗಳನ್ನು ತಯಾರಿಸಿತ್ತು. ತಾತ, ಮಗ, ಮೊಮ್ಮಗ ಮೂವರೂ ಒಂದೇ ರಾಕ್ಷಸನಿಗಾಗಿ ಸಾಲಿನಲ್ಲಿ ನಿಂತು ಚೀಟಿ ಕೊಳ್ಳುವಂತಾಯಿತು. ಬರಿಯ ಮಕ್ಕಳಾಟಕ್ಕೆ ಇಷ್ಟು ದೀರ್ಘವಾದ ಆಯುಸ್ಸು ಎಲ್ಲಿಂದ ಬಂದೀತು? ಇದನ್ನು ತಿಳಿಯಬೇಕಾದರೆ ಅದರ ಹುಟ್ಟಿನ ವರ್ಷಕ್ಕೆ ಹೋಗಬೇಕು.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಒಂದು ಜಲಜನಕ ಬಾಂಬನ್ನು ಪರೀಕ್ಷಿಸಿತು. ವಿಜ್ಞಾನಿಗಳು ನಿರೀಕ್ಷಿಸಿದ್ದಕ್ಕಿಂತ ಎರಡು ಪಟ್ಟಿಗೂ ಮೀರಿ ಸಿಡಿದ ಅದರ ಶಕ್ತಿ 15 ಮೆಗಾಟನ್; ಎಂದರೆ ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಸುಮಾರು ಸಾವಿರ ಪಟ್ಟು. ನಿಷೇಧಿತವೆಂದು ಸಾರಿದ್ದ ವಲಯದ ಹೊರಗೆ ಜಪಾನಿನ ಯಾಯಿಜು ಬಂದರಿನ ಮೀನುಗಾರರ ಹಡಗೊಂದು ಮೀನು ಹಿಡಿಯುವ ಕೆಲಸದಲ್ಲಿತ್ತು. ಅದರ ಹೆಸರು 'ದೈಗೊ ಫುಕುರ್ಯು ಮಾರು', ಅಂದರೆ ಐದನೆಯ ಅದೃಷ್ಟದ ಡ್ರ್ಯಾಗನ್. ಅದರಲ್ಲಿದ್ದ 23 ಜನರ ಮೇಲೆ ಕೆಲವು ಗಂಟೆಗಳ ಕಾಲ ಬಿಳಿಯ ಬೂದಿ ಮಳೆಯಂತೆ ಸುರಿಯಿತು. ಹವಳದ ಪುಡಿಯೊಡನೆ ಬೆರೆತು ಬಂದ ವಿಕಿರಣವದು. ಅವರು ಅದನ್ನು ಬರಿಗೈಯಿಂದ ಬಳಿದು ಚೆಲ್ಲಿದರು. ಊರಿಗೆ ಮರಳುವ ಹೊತ್ತಿಗೆ ಮೈ ಸುಟ್ಟಿತ್ತು, ಕೂದಲು ಉದುರತೊಡಗಿತ್ತು. ಪೇಟೆಗೆ ಬಂದ ಮೀನನ್ನು ಜನ ಮುಟ್ಟಲು ಹೆದರಿದರು. ಹಡಗಿನ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡ. ಆತನಿಗೆ ಆಗ ನಲವತ್ತು ವರ್ಷ. ಸರಿಯಾಗಿ 41 ದಿನಗಳ ಮೇಲೆ, ನವೆಂಬರ್ 3ರಂದು, 'ಗೊಜಿರಾ' ಎಂಬ ಚಿತ್ರ ಜಪಾನಿನಲ್ಲಿ ತೆರೆಕಂಡಿತು.

ಚಿತ್ರದ ನಿರ್ಮಾಪಕ ತೊಮೊಯುಕಿ ತನಾಕಾ. ಇಂಡೋನೇಷ್ಯಾದ ಸಹಯೋಗದಲ್ಲಿ ತೆಗೆಯಬೇಕಾಗಿದ್ದ ಬೇರೊಂದು ಚಿತ್ರ ಮುರಿದುಬಿದ್ದಾಗ, ಆ ತೆರವನ್ನು ತುಂಬಲು ಈ ಕಲ್ಪನೆಯನ್ನು ಮುಂದಿಟ್ಟವನು ಆತ. ಸಮುದ್ರದ ಆಳದಲ್ಲಿ ಉಳಿದುಕೊಂಡಿದ್ದ ಆದಿಮ ಪ್ರಾಣಿಯೊಂದು ಬಾಂಬಿನ ಪರೀಕ್ಷೆಯಿಂದ ನೆಲೆತಪ್ಪಿ, ಮೈಯೆಲ್ಲ ವಿಕಿರಣ ತುಂಬಿಕೊಂಡು ಟೋಕಿಯೋ ನಗರದ ಮೇಲೆ ಬರುತ್ತದೆ ಎಂಬುದು ಕಥೆಯ ತಿರುಳು. ಗೊರಿಲ್ಲ ಎಂಬ ಮಾತಿನ ಜಪಾನೀ ರೂಪವನ್ನೂ ತಿಮಿಂಗಿಲಕ್ಕೆ ಆ ಭಾಷೆಯಲ್ಲಿರುವ 'ಕುಜಿರಾ' ಎಂಬ ಶಬ್ದವನ್ನೂ ಕೂಡಿಸಿ 'ಗೊಜಿರಾ' ಎಂದು ಹೆಸರಿಟ್ಟರು. ಗಾಡ್ಜಿಲ್ಲಾ ಎಂಬುದು ಅದರ ಇಂಗ್ಲಿಷ್ ವೇಷ. ನಿರ್ದೇಶಿಸಿದವನು ಇಶಿರೋ ಹೋಂಡಾ. ಯೌವನದ ಬಹು ವರ್ಷಗಳನ್ನು ಚೀನಾದ ಯುದ್ಧರಂಗದಲ್ಲಿ ಸಿಪಾಯಿಯಾಗಿ ಕಳೆದು, ಸೆರೆಯಲ್ಲಿದ್ದು, 1946ರಲ್ಲಿ ತಾಯ್ನಾಡಿಗೆ ಮರಳುವಾಗ ಹಿರೋಷಿಮಾದ ಮೂಲಕ ಹಾದುಬಂದವನು. ಆ ಬಯಲನ್ನು ಕಣ್ಣಾರೆ ಕಂಡವನ ಕೈಗೆ ಈ ಕಥೆ ಬಂದದ್ದರಿಂದ ಅದು ವಿನೋದದ ಸರಕಾಗಲಿಲ್ಲ.

ಆ ಮೊದಲ ಚಿತ್ರವನ್ನು ನೋಡಿದವರಿಗೆ ಇದು ತಿಳಿದಿದೆ. ಚಿತ್ರ ತೊಡಗುವುದೇ ಕಣ್ಣು ಕುಕ್ಕುವ ಬೆಳಕಿಗೆ ಸಿಕ್ಕಿ ಉರಿದು ಮುಳುಗುವ ಹಡಗಿನಿಂದ. 1954ರ ಪ್ರೇಕ್ಷಕನಿಗೆ ಅದು ಯಾವ ಹಡಗೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೈಲಿನಲ್ಲಿ ಕುಳಿತ ಹೆಂಗಸೊಬ್ಬಳು, ನಾಗಸಾಕಿಯಲ್ಲಿ ಹೇಗೋ ಬದುಕಿ ಉಳಿದು ಬಂದೆ, ಈಗ ಮತ್ತೊಂದು ಇದು ಎಂಬರ್ಥದ ಮಾತಾಡುತ್ತಾಳೆ. ನಗರ ಉರಿಯುತ್ತಿರುವಾಗ ಗೋಡೆಯ ಬುಡದಲ್ಲಿ ಮಕ್ಕಳನ್ನು ಅವಚಿಕೊಂಡು ಕುಳಿತ ತಾಯಿ, ಇನ್ನೇನು ನಿಮ್ಮ ಅಪ್ಪನ ಬಳಿಗೆ ಹೋಗಿಬಿಡುತ್ತೇವೆ ಎಂದು ಅವರನ್ನು ಸಂತೈಸುತ್ತಾಳೆ. ಮರುದಿನ ಆಸ್ಪತ್ರೆಯ ನಡುಮನೆಯಲ್ಲಿ ಗಾಯಾಳುಗಳು ಸಾಲಾಗಿ ಮಲಗಿದ್ದಾರೆ. ಮಗುವೊಂದರ ಮೈ ಬಳಿಗೆ ವಿಕಿರಣ ಅಳೆಯುವ ಯಂತ್ರವನ್ನು ಹಿಡಿದರೆ ಅದು ಸದ್ದುಮಾಡುತ್ತದೆ. 1945ರ ಮಾರ್ಚ್ ತಿಂಗಳಿನ ಒಂದೇ ರಾತ್ರಿಯ ಬೆಂಕಿಬಾಂಬಿನ ದಾಳಿಯಲ್ಲಿ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಚಿತ್ರಮಂದಿರದಲ್ಲಿ ಕುಳಿತವರಿಗೆ ಅದು ಕೇವಲ ಒಂಬತ್ತು ವರ್ಷದ ಹಿಂದಿನ ನೆನಪು. ಜಪಾನಿನಲ್ಲಿ ಸುಮಾರು 96 ಲಕ್ಷ ಚೀಟಿಗಳು ಮಾರಾಟವಾದ ಈ ಚಿತ್ರವನ್ನು ಜನ ಹೆದರಲೆಂದಷ್ಟೇ ನೋಡಿದರೆನ್ನುವುದು ಕಷ್ಟ. ಬಾಯಿಬಿಟ್ಟು ಅಳಲಾಗದೆ ಉಳಿದಿದ್ದ ದುಃಖಕ್ಕೆ ಅಲ್ಲಿ ಒಂದು ಆಕಾರ ದೊರೆತಿತ್ತು.

ಕಥೆಯ ಮುಗಿತಾಯವೂ ವಿಚಾರಾರ್ಹವಾದದ್ದು. ಸೆರಿಜಾವಾ ಎಂಬ ತರುಣ ವಿಜ್ಞಾನಿ ನೀರಿನೊಳಗಿನ ಆಮ್ಲಜನಕವನ್ನೇ ನಾಶಮಾಡುವ ವಿದ್ಯೆಯೊಂದನ್ನು ಕಂಡುಹಿಡಿದಿದ್ದಾನೆ. ಅದರಿಂದ ರಾಕ್ಷಸನನ್ನು ಕೊಲ್ಲಬಹುದು. ಆದರೆ ಒಮ್ಮೆ ಲೋಕದ ಕಣ್ಣಿಗೆ ಬಿದ್ದರೆ ಅದೂ ಮತ್ತೊಂದು ಬಾಂಬಾಗುತ್ತದೆ. ಆತ ತನ್ನ ಬರಹಗಳನ್ನೆಲ್ಲ ಸುಟ್ಟು, ಸಮುದ್ರದ ತಳಕ್ಕೆ ತಾನೇ ಇಳಿದು, ರಾಕ್ಷಸನೊಡನೆ ತಾನೂ ಸಾಯುತ್ತಾನೆ. ವಿದ್ಯೆ ಆತನೊಂದಿಗೇ ಅಳಿಯುತ್ತದೆ. ದಡದ ಮೇಲೆ ಜಯಘೋಷವಿಲ್ಲ. ವೃದ್ಧ ಪ್ರಾಗ್ಜೀವಶಾಸ್ತ್ರಜ್ಞ ಯಮಾನೆ, ಇಂಥ ಪರೀಕ್ಷೆಗಳು ನಡೆಯುತ್ತಲೇ ಹೋದರೆ ಮತ್ತೊಂದು ಗೊಜಿರಾ ಬರದಿರಲಾರದೆಂದು ತನ್ನಷ್ಟಕ್ಕೆ ಎಂಬಂತೆ ಆಡುತ್ತಾನೆ. ಈ ಪಾತ್ರವನ್ನು ವಹಿಸಿದ ತಕಾಶಿ ಶಿಮುರಾ ಅದೇ ವರ್ಷ ಕುರೊಸಾವಾನ 'ಸೆವೆನ್ ಸಮುರಾಯ್' ಚಿತ್ರದಲ್ಲಿ ಹಿರಿಯ ಸಮುರಾಯ್ ಆಗಿದ್ದ ಮಹಾನಟ.

ಇನ್ನು ಕೌಶಲದ ಮಾತು. ದೃಶ್ಯಚಮತ್ಕಾರದ ಹೊಣೆ ಹೊತ್ತವನು ಎಯಿಜಿ ತ್ಸುಬುರಾಯಾ. 1942ರಲ್ಲಿ ಪರ್ಲ್ ಹಾರ್ಬರ್ ದಾಳಿಯನ್ನು ಕೊಂಡಾಡುವ ಯುದ್ಧಪ್ರಚಾರದ ಚಿತ್ರಕ್ಕೆ ಬಂದರನ್ನೂ ಹಡಗುಗಳನ್ನೂ ಚಿಕ್ಕದಾಗಿ ನಿರ್ಮಿಸಿಕೊಟ್ಟಿದ್ದ ಕೈಗಳೇ ಹನ್ನೆರಡು ವರ್ಷಗಳ ಮೇಲೆ ಉರಿಯುವ ಟೋಕಿಯೋವನ್ನು ನಿರ್ಮಿಸಿದವು. ಬೊಂಬೆಯನ್ನು ಇಂಚಿಂಚಾಗಿ ಸರಿಸುತ್ತ ಒಂದೊಂದೇ ಚಿತ್ರ ತೆಗೆಯುವ 'ಕಿಂಗ್ ಕಾಂಗ್' ಪದ್ಧತಿ ತ್ಸುಬುರಾಯಾನ ಬಯಕೆಯಾಗಿತ್ತು. ಅದಕ್ಕೆ ಬೇಕಾದ ಕಾಲಾವಕಾಶ ಇರಲಿಲ್ಲ. ಆದುದರಿಂದ ಮನುಷ್ಯನಿಗೇ ರಾಕ್ಷಸನ ಮೈ ತೊಡಿಸಿದರು. ಸುಮಾರು ನೂರು ಕಿಲೋ ತೂಗುತ್ತಿದ್ದ ಆ ಮೊದಲ ಕವಚದೊಳಗೆ, ಉರಿಯುವ ದೀಪಗಳ ಕೆಳಗೆ, ನಡೆದವನು ಹರೂವೊ ನಕಾಜಿಮಾ. ಭಾರವಾದ ಪ್ರಾಣಿ ಹೆಜ್ಜೆ ಇಡುವ ಬಗೆಯನ್ನು ಕಲಿಯಲು ಆತ ಟೋಕಿಯೋದ ಪ್ರಾಣಿಸಂಗ್ರಹಾಲಯಕ್ಕೆ ಹೋಗಿ ಆನೆಯನ್ನೂ ಕರಡಿಯನ್ನೂ ನೋಡುತ್ತ ನಿಂತಿದ್ದ. ನಿಜವಾದ ಕಟ್ಟಡಗಳ ಇಪ್ಪತ್ತೈದರ ಒಂದು ಅಳತೆಯಲ್ಲಿ ನಗರವನ್ನು ಕಟ್ಟಿ, ಚಿತ್ರಗ್ರಹಣ ಯಂತ್ರವನ್ನು ಹೆಚ್ಚಿನ ವೇಗದಲ್ಲಿ ಓಡಿಸಿದರು. ಹಾಗೆ ತೆಗೆದದ್ದನ್ನು ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಚಲನೆ ನಿಧಾನವಾಗುತ್ತದೆ; ನಿಧಾನವಾದ ಚಲನೆಯನ್ನು ನಮ್ಮ ಕಣ್ಣು ತೂಕವೆಂದು ಗ್ರಹಿಸುತ್ತದೆ. ಆಳೆತ್ತರದ ಮನುಷ್ಯ ಐವತ್ತು ಮೀಟರಿನ ಪ್ರಾಣಿಯಾಗುವುದು ಹೀಗೆ. ಅದರ ಕೂಗನ್ನು ಕೊಟ್ಟವನು ಸಂಗೀತ ಸಂಯೋಜಕ ಅಕಿರಾ ಇಫುಕುಬೆ. ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ತಂತಿಗಳನ್ನು ಸಡಿಲಿಸಿ, ರಾಳ ಬಳಿದ ತೊಗಲಿನ ಕೈಗವಸಿನಿಂದ ಅವುಗಳನ್ನು ಉಜ್ಜಿ ಹೊರಡಿಸಿದ ಧ್ವನಿಯದು. ಒಮ್ಮೆ ಕೇಳಿದವರು ಅದನ್ನು ಮರೆಯಲಾರರು. ಅದರಲ್ಲಿ ಕೋಪದಷ್ಟೇ ನೋವೂ ಇದೆ.

ಒಳಗೆ ಮನುಷ್ಯನಿದ್ದಾನೆಂಬುದು ತಿಳಿದೂ ನೋಡುಗ ಅದನ್ನು ರಾಕ್ಷಸನೆಂದು ಒಪ್ಪುವುದರಲ್ಲಿಯೇ ಈ ಭಕ್ತಿಯ ಮೊದಲ ಗುಟ್ಟಿದೆಯೆಂದು ನನ್ನ ಭಾವನೆ. ಜಪಾನಿನ ಬುನ್ರಾಕು ಬೊಂಬೆಯಾಟದಲ್ಲಿ ಒಂದೊಂದು ಬೊಂಬೆಯನ್ನೂ ಮೂವರು ಆಡಿಸುತ್ತಾರೆ. ಅವರು ರಂಗದ ಮೇಲೆ ಕಾಣುತ್ತಲೇ ಇರುತ್ತಾರೆ. ಮುಖ್ಯ ಸೂತ್ರಧಾರನ ಮುಖಕ್ಕೆ ಮುಸುಕೂ ಇರುವುದಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ನಮ್ಮ ಪಾಲಿಗೆ ಉಳಿಯುವುದು ಬೊಂಬೆಯ ಅಳಲು ಮಾತ್ರ. ಯಕ್ಷಗಾನದ ಬಣ್ಣದ ವೇಷವನ್ನು ಕಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಸಹೋಗುವುದು ಬೇರೆ, ಒಪ್ಪಿಕೊಡುವುದು ಬೇರೆ. ಈಚಿನ ಗಣಕಯಂತ್ರದ ಚಮತ್ಕಾರ ನಮ್ಮನ್ನು ಮೋಸಗೊಳಿಸಲು ಹವಣಿಸುತ್ತದೆ. ನಕಾಜಿಮಾನ ಕವಚ ನಮ್ಮ ಒಪ್ಪಿಗೆಯನ್ನು ಕೇಳುತ್ತದೆ. ಒಪ್ಪಿಗೆ ಕೊಟ್ಟವನು ಆ ಆಟದಲ್ಲಿ ಪಾಲುದಾರನಾಗುತ್ತಾನೆ. ಪಾಲುದಾರನ ನಂಟು ಸುಲಭವಾಗಿ ಹರಿಯುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ನಂಟು ಬೆಳೆದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ನಮ್ಮ ಜಿಲ್ಲಾ ಕೇಂದ್ರದ ಚಿತ್ರಮಂದಿರವೊಂದರಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಇಂಗ್ಲಿಷ್ ಚಿತ್ರಗಳನ್ನು ಹಾಕುತ್ತಿದ್ದರು. ಇಂಗ್ಲಿಷಿನ ಮಾತು ಕೂಡಿಸಿದ ಗಾಡ್ಜಿಲ್ಲಾ ಚಿತ್ರವೊಂದು ಅಲ್ಲಿಗೆ ಬಂದಾಗ ನಾನು ಮಾಧ್ಯಮಿಕ ಶಾಲೆಯ ಹುಡುಗ. ಮಾತು ಅರ್ಥವಾಗಲಿಲ್ಲ, ಅರ್ಥವಾಗಬೇಕಾದ ಅಗತ್ಯವೂ ಇರಲಿಲ್ಲ. ಆ ವಯಸ್ಸಿಗೆ ದೊರೆತದ್ದು ಅದ್ಭುತ ರಸ. ದೊಡ್ಡವರ ಊರನ್ನು, ದೊಡ್ಡವರ ಕಟ್ಟಡಗಳನ್ನು ಲೆಕ್ಕಿಸದೆ ನಡೆಯುವ ಇನ್ನೂ ದೊಡ್ಡದೊಂದು ಜೀವವಿದೆಯೆಂಬ ಸಂತೋಷ. ಕಾಲೇಜಿನ ದಿನಗಳಲ್ಲಿ ನೋಡಿದಾಗ ಅದೇ ದೃಶ್ಯಗಳಲ್ಲಿ ಹಾಸ್ಯ ಕಂಡಿತು. ಕವಚದ ಸುಕ್ಕು, ತಂತಿಯ ಎಳೆ ಎಲ್ಲವೂ ಕಣ್ಣಿಗೆ ಬಿದ್ದವು. ಮಧ್ಯವಯಸ್ಸಿಗೆ ಬಂದ ಮೇಲೆ ಆ ಸುಕ್ಕಿನ ಹಿಂದಿನ ಕೈಗೆಲಸದ ಮೇಲೆ ಗೌರವ ಮೂಡಿತು. ಮೂಲ ಜಪಾನೀ ಚಿತ್ರ, ಹೋಂಡಾ ರೂಪಿಸಿದ ಸ್ವರೂಪದಲ್ಲಿಯೇ, ಡಿವಿಡಿಯ ಮೂಲಕ ನನ್ನ ಕೈಸೇರಿದಾಗ ನನಗೆ ಐವತ್ತು ಸಮೀಪಿಸಿತ್ತು. ಆ ತಾಯಿ ಮಕ್ಕಳ ದೃಶ್ಯದಲ್ಲಿ ನಾನು ಯಂತ್ರವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಂದೇ ಕೃತಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ರಸಗಳನ್ನು ಕೊಡುತ್ತ ಕೊನೆಗೆ ಕರುಣದಲ್ಲಿ ನೆಲೆ ನಿಂತಿತು.

ಈ ಮಾಲೆಯ ಎಲ್ಲ ಚಿತ್ರಗಳೂ ಮೊದಲನೆಯದರ ಎತ್ತರದಲ್ಲಿಲ್ಲ. 1962ರಲ್ಲಿ ಕಿಂಗ್ ಕಾಂಗಿನೊಡನೆ ಕಾಳಗವಾದ ಮೇಲೆ ಗಾಡ್ಜಿಲ್ಲಾ ಮೆಲ್ಲಮೆಲ್ಲನೆ ಮಲ್ಲನಾಯಿತು; 1964ರ ಹೊತ್ತಿಗೆ ಮೂರು ತಲೆಯ ಘಿಡೋರಾನನ್ನು ಓಡಿಸಿ ಮನುಷ್ಯರ ಮಿತ್ರನಾಯಿತು; 1967ರಲ್ಲಿ ಅದಕ್ಕೊಂದು ಮರಿಯೂ ಬಂದಿತು. ಹಣದ ಅಭಾವದಿಂದ ಹಳೆಯ ಚಿತ್ರಗಳ ತುಣುಕುಗಳನ್ನು ಹೊಸದಕ್ಕೆ ಅಂಟಿಸಿದರು. ಆದರೆ ಅಭಿಮಾನಿಯಾದವನು ಈ ಇಳಿಜಾರಿನಲ್ಲಿಯೂ ಜೊತೆಗೆ ನಡೆಯುತ್ತಾನೆ, ಮತ್ತು ಅಲ್ಲಿಯೂ ಏನನ್ನೋ ಹೆಕ್ಕಿಕೊಳ್ಳುತ್ತಾನೆ. ಮಾಲೆಯಲ್ಲಿಯೇ ಅತ್ಯಂತ ಸಾಧಾರಣವೆಂದು ಹಲವರು ತಳ್ಳಿಹಾಕುವ 1969ರ ಚಿತ್ರದ ನಾಯಕ ಕೈಗಾರಿಕಾ ನಗರವೊಂದರ ಒಂಟಿ ಹುಡುಗ. ತಂದೆತಾಯಿ ಇಬ್ಬರೂ ದುಡಿಯಲು ಹೋಗಿರುತ್ತಾರೆ, ಓರಗೆಯವರು ಕಾಡುತ್ತಾರೆ, ಅವನು ಕನಸಿನಲ್ಲಿ ರಾಕ್ಷಸರ ದ್ವೀಪಕ್ಕೆ ಹೋಗಿ ಧೈರ್ಯ ಕಲಿತು ಬರುತ್ತಾನೆ. 1971ರ ಚಿತ್ರದ ಶತ್ರು ಹೆಡೋರಾ ಕಾರ್ಖಾನೆಗಳ ಕೊಳಚೆಯಿಂದ ಹುಟ್ಟಿದ ಪಿಶಾಚಿ. ಮಾಲಿನ್ಯ ಜಪಾನನ್ನು ಕಾಡುತ್ತಿದ್ದ ಕಾಲವದು. ದುರ್ಬಲವಾದ ಚಿತ್ರದಲ್ಲಿಯೂ ಆ ನಾಡಿನ ಆ ಹೊತ್ತಿನ ಅಳಲು ಎಲ್ಲೋ ಒಂದೆಡೆ ಮಿಡಿಯುತ್ತಿತ್ತು. 1975ರ ಚಿತ್ರವೇ ಈ ಮಾಲೆಯಲ್ಲಿ ಹೋಂಡಾನ ಕಡೆಯದು. ಪ್ರೇಕ್ಷಕರು ಕಡಿಮೆಯಾಗಿ, ಒಂಬತ್ತು ವರ್ಷ ರಾಕ್ಷಸ ಮಲಗಿದ. 1984ರಲ್ಲಿ ಮತ್ತೆ ಎದ್ದಾಗ ಆತನನ್ನು ಮತ್ತೆ ಭಯಂಕರನನ್ನಾಗಿ ಮಾಡಿದರು. ಅದರ ಮುಂದಿನ ಚಿತ್ರಕ್ಕೆ ತೋಹೊ ಸಾರ್ವಜನಿಕರಿಂದಲೇ ಕಥೆಗಳನ್ನು ಆಹ್ವಾನಿಸಿತು. ಆಯ್ಕೆಯಾದದ್ದು ಒಬ್ಬ ದಂತವೈದ್ಯರ ಕಥೆ. 1989ರಲ್ಲಿ ಅದು ಚಿತ್ರವಾಯಿತು. ಭಕ್ತ ಬರೆದ ಕಥೆಯಲ್ಲಿ ದೇವರು ಕುಣಿದಂತಾಯಿತಲ್ಲವೇ?

ಜಪಾನಿನ ಹೊರಗಿನ ಅಭಿಮಾನಿಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. 1956ರಲ್ಲಿ ಅಮೆರಿಕದ ವಿತರಕರು ಮೂಲ ಚಿತ್ರವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನ ಪಾತ್ರದಲ್ಲಿ ತುರುಕಿ, ಬಾಂಬಿನ ಮಾತನ್ನು ಬಹುಮಟ್ಟಿಗೆ ಮೆತ್ತಗೆ ಮಾಡಿ ತೋರಿಸಿದರು. ಲೋಕದ ಹೆಚ್ಚಿನ ಭಾಗ ದಶಕಗಳ ಕಾಲ ನೋಡಿದ್ದು ಇದನ್ನೇ. ಅದನ್ನೇ ದೂರದರ್ಶನದಲ್ಲಿ ನೋಡಿ ಬೆಳೆದ ಹುಡುಗರಲ್ಲಿ ಕೆಲವರು ದೊಡ್ಡವರಾದ ಮೇಲೆ, ನಾವು ಪ್ರೀತಿಸಿದ್ದರ ನಿಜರೂಪ ಯಾವುದೆಂದು ಹುಡುಕತೊಡಗಿದರು. ಕೈಯಿಂದ ಪತ್ರಿಕೆಗಳನ್ನು ಹೊರಡಿಸಿದರು. 1990ರ ದಶಕದಿಂದ ಅಮೆರಿಕದ ಷಿಕಾಗೋ ಬಳಿ ವರ್ಷಕ್ಕೊಮ್ಮೆ ಸಮ್ಮೇಳನ ಕೂಡತೊಡಗಿದರು. 1954ರಿಂದ 1972ರವರೆಗೆ ಹನ್ನೆರಡು ಚಿತ್ರಗಳಲ್ಲಿ ಕವಚ ತೊಟ್ಟಿದ್ದ ನಕಾಜಿಮಾನನ್ನು ಅಭಿಮಾನಿಗಳ ಕೂಟಗಳಿಗೆ ಕರೆಸಿ ಗೌರವಿಸಿದರು. ತೆರೆಯ ಮೇಲೆ ತನ್ನ ಮುಖ ಕಾಣಿಸದೆ ದುಡಿದವನು ಇಳಿವಯಸ್ಸಿನಲ್ಲಿ ಸಾಗರದಾಚೆ ತನ್ನ ಮುಖಕ್ಕೇ ಬೆಲೆಯನ್ನು ಕಂಡ, 2017ರಲ್ಲಿ ತೀರಿಕೊಂಡ. ಅಭಿಮಾನಿಗಳಲ್ಲಿ ಕೆಲವರು ವಿದ್ವಾಂಸರೇ ಆದರು. ಬಾಲ್ಯದಿಂದ ಗಾಡ್ಜಿಲ್ಲಾವನ್ನು ಮೆಚ್ಚಿದ್ದ ಇತಿಹಾಸಕಾರ ವಿಲಿಯಂ ತ್ಸುತ್ಸುಯಿ 2004ರಲ್ಲಿ ಅದರ ಮೇಲೊಂದು ಗ್ರಂಥ ಬರೆದರು. ಅದೇ ವರ್ಷ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯವಾಗಿ ವಿದ್ವತ್ಸಭೆ ಸೇರಿತು. ಸ್ಟೀವ್ ರೈಫಲ್ ಮತ್ತು ಎಡ್ ಗಾಡ್ಜಿಸ್ಜೆವ್ಸ್ಕಿ ಎಂಬಿಬ್ಬರು ಹೋಂಡಾನ ಜೀವನಚರಿತ್ರೆಯನ್ನು 2017ರಲ್ಲಿ ಪ್ರಕಟಿಸಿದರು. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ವ್ಯಾಪಕವಾಗಿ ಬಂದದ್ದು 2004ರಲ್ಲಿ, ಹುಟ್ಟಿದ ಐವತ್ತು ವರ್ಷಗಳ ಮೇಲೆ. ಹಳಗನ್ನಡದ ಗ್ರಂಥಗಳ ಶುದ್ಧಪಾಠಕ್ಕಾಗಿ ಓಲೆಗರಿಗಳ ಮುಂದೆ ಕಣ್ಣು ಸವೆಸಿದ ನಮ್ಮ ಹಿರಿಯರನ್ನು ಬಲ್ಲ ನನಗೆ ಈ ಶ್ರದ್ಧೆಯ ಜಾತಿ ಪರಿಚಿತವೆನಿಸುತ್ತದೆ.

ರಾಕ್ಷಸನ ಮೇಲೆ ಕನಿಕರವೇಕೆ ಎಂದು ಕೇಳುವವರಿಗೆ ಕನ್ನಡ ಕಾವ್ಯವೇ ಉತ್ತರ ಹೇಳಬಲ್ಲದು. ರನ್ನನ ದುರ್ಯೋಧನ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವಾಗ ನಾವು ಅವನ ಅಪರಾಧಗಳನ್ನು ಮರೆಯುವುದಿಲ್ಲ. ಆದರೂ ಮನಸ್ಸು ಅವನ ಜೊತೆಗಿರುತ್ತದೆ. ನಾಗಚಂದ್ರನ ರಾವಣನೂ ಹಾಗೆಯೇ. ಗಾಡ್ಜಿಲ್ಲಾ ಊರನ್ನು ಸುಡುತ್ತದೆ ನಿಜ. ಆದರೆ ಅದೂ ಬಾಂಬಿನಿಂದ ನೆಲೆ ಕಳೆದುಕೊಂಡ ಜೀವ. ಸುಡುವುದೂ ಅದೇ, ಸುಟ್ಟುಹೋದದ್ದೂ ಅದೇ. ಕೊಲ್ಲದೆ ವಿಧಿಯಿಲ್ಲ, ಕೊಂದರೆ ಸಮಾಧಾನವಿಲ್ಲ. ಈ ಇಬ್ಬಂದಿಯೇ ಆ ಪ್ರಾಣಿಯನ್ನು ಸಾಮಾನ್ಯ ಭೂತಪ್ರೇತಗಳ ಸಾಲಿನಿಂದ ಮೇಲೆತ್ತಿದೆ.

ಹೊಸ ದುಃಖಗಳು ಬಂದಾಗಲೂ ಜಪಾನ್ ಈ ಹಳೆಯ ರಾಕ್ಷಸನನ್ನೇ ಕರೆದುಕೊಂಡಿತು. 2011ರ ಮಾರ್ಚ್ 11ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾದ ಪರಮಾಣು ಸ್ಥಾವರದ ದುರಂತದ ನೆರಳು 2016ರ 'ಶಿನ್ ಗಾಡ್ಜಿಲ್ಲಾ' ಚಿತ್ರದ ಮೇಲೆ ಸ್ಪಷ್ಟವಾಗಿ ಬಿದ್ದಿದೆ. ಅಲ್ಲಿ ರಾಕ್ಷಸ ಊರೊಳಗೆ ನುಗ್ಗುತ್ತಿರುವಾಗ ಅಧಿಕಾರಿಗಳು ಒಂದು ಸಭೆಯಿಂದ ಮತ್ತೊಂದು ಸಭೆಗೆ ಓಡಾಡುತ್ತಿರುತ್ತಾರೆ. 2023ರಲ್ಲಿ ತಕಾಶಿ ಯಾಮಾಜಾಕಿ ನಿರ್ದೇಶಿಸಿದ 'ಗಾಡ್ಜಿಲ್ಲಾ ಮೈನಸ್ ಒನ್' ಕಥೆಯನ್ನು ಯುದ್ಧ ಮುಗಿದ ಮರುವರ್ಷಗಳಿಗೇ ಕೊಂಡೊಯ್ಯಿತು. ಆತ್ಮಾಹುತಿಗೆ ನಿಯುಕ್ತನಾಗಿಯೂ ಬದುಕಿ ಉಳಿದ ವಿಮಾನಚಾಲಕನೊಬ್ಬನ ಪಾಪಪ್ರಜ್ಞೆ ಅದರ ವಸ್ತು. 2024ರಲ್ಲಿ ದೃಶ್ಯಚಮತ್ಕಾರಕ್ಕಾಗಿ ಆ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ಸಾಯಬೇಕೆಂಬ ಕಥೆಯನ್ನು ಬದುಕಬೇಕೆಂಬ ಕಥೆಯನ್ನಾಗಿ ಅದು ತಿರುಗಿಸಿತೆಂಬುದೇ ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ತೋರುತ್ತದೆ.

ಟೋಕಿಯೋ ನಗರದ ಯುಮೆನೊಶಿಮಾ ಎಂಬಲ್ಲಿ, 1976ರಿಂದ ಸಾರ್ವಜನಿಕರಿಗೆ ತೆರೆದಿರುವ ಪ್ರದರ್ಶನಾಲಯದಲ್ಲಿ, ಆ ಮೀನುಗಾರರ ಮರದ ಹಡಗನ್ನು ಕಾಪಾಡಿ ಇಟ್ಟಿದ್ದಾರೆ. ಜಲಜನಕ ಬಾಂಬಿಗೆ ಬಲಿಯಾದವರಲ್ಲಿ ತಾನೇ ಕೊನೆಯವನಾಗಲಿ ಎಂಬ ಕುಬೊಯಾಮಾನ ಹಾರೈಕೆಯನ್ನು ಅಲ್ಲಿ ಕಲ್ಲಿನ ಮೇಲೆ ಕಂಡರಿಸಿದ್ದಾರೆ. ಕಲ್ಲು ತಾನಾಗಿ ಯಾರನ್ನೂ ಕರೆಯುವುದಿಲ್ಲ. ಇತಿಹಾಸದ ಪುಸ್ತಕ ಅಂಥ ಹೆಸರಿಗೆ ಒಂದು ಸಾಲನ್ನಷ್ಟೇ ಕೊಡಬಲ್ಲದು. ದೂರದ ನಾಡಿನ ಹುಡುಗನೊಬ್ಬನನ್ನು ಕೈಹಿಡಿದು, ಮೊದಲು ಬೆರಗಿನಿಂದ, ಆಮೇಲೆ ನಗೆಯಿಂದ, ಕೊನೆಗೆ ಮೌನದಿಂದ ಆ ಕಲ್ಲಿನ ಬಳಿಗೆ ನಡೆಸಿಕೊಂಡು ಹೋಗುವ ಶಕ್ತಿ ಒಂದು ರಬ್ಬರಿನ ರಾಕ್ಷಸನಿಗೆ ಇದ್ದಿತು. ಐಕಿಚಿ ಕುಬೊಯಾಮಾ ಎಂಬ ಹೆಸರು ನನಗೆ ತಿಳಿದದ್ದು ಆತನ ಮೂಲಕವೇ. ಪರಮಾಣು ಅಸ್ತ್ರಗಳು ಇನ್ನೂ ಲೋಕದ ಉಗ್ರಾಣಗಳಲ್ಲಿ ಇರುವಷ್ಟು ಕಾಲ ಯಮಾನೆಯ ಮಾತಿಗೆ ಮುಪ್ಪಿಲ್ಲ. ಆ ರಾಕ್ಷಸನಿಗೆ ವಿಶ್ರಾಂತಿಯೂ ಇಲ್ಲ.